ಹಗುರ ಕಲ್ಲು

ಮುನ್ನೂರು ಟನ್ನು ಗೊಬ್ಬರ ಮಾರಿದ್ದಕ್ಕೆ
ಕಂಪನಿಯವರು ಕೊಟ್ಟದ್ದು ಬಾಲಿಗೆ ಎರಡು ಟಿಕೇಟು.
ಪಾಂಡವಪುರದ ನಮ್ಮಂಗಡಿಗೆ ಆರು ದಿನ ಬೀಗ.
ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ
ಸಮುದ್ರ ದಾಟಿದೆ ನಾನು.

ಮೊದಲೆರಡು ದಿನ ಇವರು
ಕಂಡದ್ದಕ್ಕೆಲ್ಲ ನಮ್ಮ ಕಡೆಯ ಲೆಕ್ಕ ಹಾಕಿದರು.
ಮೆಟ್ಟಿಲು ಗದ್ದೆ ಕಂಡು,
'ಪೈರು ಒತ್ತಾಯ್ತು, ಯೂರಿಯಾ ಜಾಸ್ತಿ ಬಿದ್ದದೆ.'
ಸಮುದ್ರಕ್ಕೆ ಮಾತ್ರ ಲೆಕ್ಕ ಸಿಗದೆ,
'ಕನ್ನಂಬಾಡಿ ಬುಡು ಇದರ ಮುಂದೆ' ಎಂದು ಸುಮ್ಮನಾದರು.
ದೇವಸ್ಥಾನದೊಳಗೆ ಗಂಡಸರೂ ಪಂಚೆ ಸುತ್ತಬೇಕು ಎಂದಾಗ
ಮುಖದಲ್ಲಿ ಮನೆಗೆ ಬಂದ ಸಮಾಧಾನ.

ಮೂರನೇ ದಿನ ಬೆಟ್ಟ.
ರಾತ್ರಿ ಎರಡಕ್ಕೇ ಎಬ್ಬಿಸಿದರು.
ಜೀಪು, ಟಾರ್ಚು, ಬಾಡಿಗೆ ಜರ್ಕಿನ್ನು,
ಸೀರೆ ಎತ್ತಿ ಕಟ್ಟಿ, ಮಗಳ ಬೂಟು ಹಾಕಿದ ನಾನು,
ದಾರಿ ತೋರಲು ಕೆತುತ್ ಎಂಬ ಹುಡುಗ.
ನಾಲ್ಕನೇ ಮಗ ಅಂತ ಅರ್ಥವಂತೆ.

ಅಪ್ಪನ ಆಲೆಮನೆಯಲ್ಲಿ ಬೆಳೆದವಳು ನಾನು.
ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೆಂಪಗೆ ಉಕ್ಕುವಾಗ
ಸಿಡಿದ ಒಂದು ತೊಟ್ಟು
ಮೊಣಕೈ ಕೆಳಗೆ ಹುಣಿಸೆಬೀಜದಷ್ಟು ಕಲೆ ಬಿಟ್ಟಿದೆ.
ಹೆಣ್ಣು ನೋಡಲು ಬಂದ ದಿನ ಸೆರಗಲ್ಲಿ ಮುಚ್ಚಿದ್ದೆ.
ಇವರು ಕಂಡಿದ್ದರು. ಕೇಳಲಿಲ್ಲ.
ಮೂವತ್ತೊಂದು ವರ್ಷ
ಕೇಳಲೇ ಇಲ್ಲ.

ಅರ್ಧ ದಾರಿಗೆ ಇವರ ಮಂಡಿ ಕೈಕೊಟ್ಟಿತು.
ಕರೀ ಜಲ್ಲಿ, ಎರಡು ಹೆಜ್ಜೆ ಏರಿದರೆ ಒಂದು ಜಾರು.
ಬಂಡೆಯ ಮೇಲೆ ಕೂತು, ಬೆವರೊರೆಸಿ,
'ನೀ ಓಗಿ ನೋಡ್ಕಂಡ್ ಬಾ ಜಯಶೀಲ,
ಬೆಂಕಿ ಎಂಗದೆ ಅಂತ ಬಂದು ಯೋಳು' ಎಂದರು.
ಮದುವೆಯಾದಂದಿನಿಂದ ಇವರಿಗಿಂತ ಮುಂದೆ
ನಾನು ನಡೆದದ್ದು ಅದೇ ಮೊದಲು.

ತುದಿಯಲ್ಲಿ ಏನೂ ಇರಲಿಲ್ಲ.
ನಿಜಕ್ಕೂ ಏನೂ.
ಮಂಜು, ಗಂಧಕದ ಕಮಟು,
ಬಂಡೆ ಬಿರುಕಿನ ಹಬೆಯಲ್ಲಿ ಹುಡುಗ ಬೇಯಿಸಿಕೊಟ್ಟ ಮೊಟ್ಟೆ.
ಬಾಯಿ ಸುಟ್ಟುಕೊಂಡೆ. ಸೂರ್ಯನೂ ಬರಲಿಲ್ಲ.
ಅವನೊಂದು ಫೋಟೋ ಹಿಡಿದ.
ನಾನೊಂದು ಕಲ್ಲು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡೆ.
ಗುಂಡಿಯ ಅಂಚಲ್ಲಿ ಬಗ್ಗಿ 'ಓಯ್' ಎಂದು ಕೂಗಿದೆ.
ಬೈಯುವವರು ಯಾರೂ ಇರಲಿಲ್ಲ,
ಇನ್ನೊಮ್ಮೆ ಕೂಗಿದೆ.

ಇಳಿದು ಬಂದರೆ ಇವರು ಅದೇ ಬಂಡೆಯ ಮೇಲೆ,
ಕಡೇ ಬಸ್ಸು ತಪ್ಪಿದವರ ಹಾಗೆ ಚೀಲ ತಬ್ಬಿಕೊಂಡು.
'ಎಂಗಿತ್ತು?'
ಬಾಯಿಗೆ ಬಂದದ್ದು ಅಪ್ಪನ ಕೊಪ್ಪರಿಗೆ.
'ಕೆಂಪಗೆ. ಕೊತಕೊತ. ನೊರೆ ಎದ್ದೆದ್ದು ಒಡೀತಿತ್ತು.
ಹದಕ್ಕೆ ಇನ್ನೊಂದು ಉಕ್ಕು ಬೇಕಿತ್ತು ನೋಡಿ,
ಅಷ್ಟರಲ್ಲಿ ಬಂದುಬಿಟ್ಟೆ.'

ಈಗ ಅಂಗಡಿಯಲ್ಲಿ ದಿನಾ ಅದೇ.
ಪೊಟ್ಯಾಷಿಗೆ ಬಂದವರನ್ನು ಕೂರಿಸಿಕೊಂಡು
ಇವರು ಬೆಟ್ಟ ಕುದಿಸುತ್ತಾರೆ.
ವಾರಕ್ಕೊಂದು ಮಾರು ಅಗಲವಾಗುತ್ತದೆ ಗುಂಡಿ.
'ನಾವಿಬ್ರೂ ಅಂಚಿಗೇ ನಿಂತಿದ್ದೋ' ಎನ್ನುವಾಗ
ನಾನು ಬಿಲ್ಲು ಬರೆಯುತ್ತಿರುತ್ತೇನೆ, ತಲೆ ಎತ್ತುವುದಿಲ್ಲ.

ಮೊನ್ನೆ ಚಿನಕುರಳಿಯ ಹುಡುಗನೊಬ್ಬ
ಗಲ್ಲಾದ ಮೇಲಿನ ಫೋಟೋವನ್ನೇ ದಿಟ್ಟಿಸಿದ.
ನಾನು, ಜರ್ಕಿನ್ನು, ಹಿಂದೆ ಬರೀ ಬಿಳುಪು.
'ಬೆಂಕಿ ಎಲ್ಲಿ ಕೆಂಪರಾಜಣ್ಣ? ಬರೇ ಮಂಜು ಇದು.'
ನನ್ನ ಪೆನ್ನು ನಿಂತಿತು.

ಇವರು ಮಂಡಿ ನೀವಿಕೊಂಡರು.
'ಅದು ಫೋಟೋಕ್ಕೆ ಬೀಳಾಕಿಲ್ಲ ಕಣ್ಲಾ.
ಕಂಡೋರು ಯೋಳ್ಬೇಕು.'

ಫ್ಯಾನಿನ ಗಾಳಿಗೆ ರಸೀದಿ ಹಾಳೆಗಳು ಏಳುತ್ತಿದ್ದವು,
ಮೇಲೆ ಇಟ್ಟಿದ್ದ ಆ ಬೆಟ್ಟದ ಕಲ್ಲಿಗೆ
ನೋಡಲು ಕಪ್ಪೇ ಹೊರತು ತೂಕವಿಲ್ಲ.
ಇವರು ನನ್ನ ಕಡೆ ನೋಡದೆ
ಕಲ್ಲಿನ ಮೇಲೆ ತಮ್ಮ ಕೈಯನ್ನೂ ಇಟ್ಟರು.